70ನೇ ನಿಮಿಷ ಆದಮೇಲೆ ನಮ್ಮ ತಂಡ ಯಾಕೆ ಕುಸಿಯುತ್ತೆ? ಇದು ನಿಜವಾದ ಸುಸ್ತಾ, ನೆಪವಾ?

ಗ್ಯಾಲರಿ ಕೊನೇಸಾಲು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ, ಇಲ್ಲಿ ಕೇಳಿಬಿಡುತ್ತೇನೆ.

ನಾನು ಬೆಂಬಲಿಸುವ ಫುಟ್‌ಬಾಲ್ ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ. ಸೀಸನ್‌ನ ಮೊದಲ ಅರ್ಧ ಚೆನ್ನಾಗಿಯೇ ಆಡಿದರು. ಜನವರಿ ಕಳೆದಮೇಲೆ ಶುರುವಾಯಿತು ನೋಡಿ. 70 ನಿಮಿಷದವರೆಗೆ ಪಂದ್ಯ ನಮ್ಮ ಕೈಯಲ್ಲಿರುತ್ತದೆ, ಆಮೇಲೆ ಗೋಲು ಬಿಟ್ಟುಕೊಡುತ್ತಾ ಹೋಗುತ್ತಾರೆ. ಕಳೆದ ಆರು ಪಂದ್ಯಗಳಲ್ಲಿ ನಾಲ್ಕು ಸಲ ಹೀಗೇ ಆಯಿತು. ಅದರ ಮೇಲೆ ಗಾಯ ಬೇರೆ. ಈಗ ಮೂವರು ಹೊರಗೆ ಕೂತಿದ್ದಾರೆ, ಮೂವರದ್ದೂ ಹ್ಯಾಮ್‌ಸ್ಟ್ರಿಂಗ್, ಅದೇ ತೊಡೆಯ ಹಿಂಭಾಗದ ಸ್ನಾಯು.

ಕೋಚ್‌ನ ಕೇಳಿದರೆ ಹುಡುಗರು ದಣಿದಿದ್ದಾರೆ, ವಾರಕ್ಕೆ ಎರಡು ಪಂದ್ಯ ಬೀಳುತ್ತಿದೆ ಅನ್ನುತ್ತಾರೆ. ಆದರೆ ಪಂದ್ಯ ಮುಗಿದಮೇಲೆ ಟಿವಿಯಲ್ಲಿ ಓಡಿದ ದೂರ ತೋರಿಸುತ್ತಾರಲ್ಲ, ಅದರಲ್ಲಿ ನಮ್ಮವರು ಎದುರಾಳಿಗಿಂತ ಒಂದು ಕಿಲೋಮೀಟರ್ ಜಾಸ್ತಿಯೇ ಓಡಿದ್ದರು. ಓಡುತ್ತಿದ್ದಾರೆ ಅಂದಮೇಲೆ ದಣಿವೆಲ್ಲಿ ಬಂತು?

ಮೊನ್ನೆ ಸೋತ ಮಾರನೇ ದಿನ ಇಡೀ ತಂಡಕ್ಕೆ ಎರಡು ದಿನ ರಜೆ ಕೊಟ್ಟರು. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಕೋಪ ಬಂತು. ಸೋತವರಿಗೆ ರಜೆಯಾ? ಇನ್ನೊಂದು, ನಮ್ಮ ಬಲ ಫುಲ್‌ಬ್ಯಾಕ್‌ಗೆ, ಅಂದರೆ ಬಲ ಅಂಚು ಕಾಯುವ ಡಿಫೆಂಡರ್‌ಗೆ, 22 ವರ್ಷ. ಚೆನ್ನಾಗಿ ಆಡುತ್ತಿದ್ದವನನ್ನು 60ನೇ ನಿಮಿಷಕ್ಕೆ ಹೊರಗೆ ಕರೆದರು. 22 ವರ್ಷದವನಿಗೆ ಒಂದು ಗಂಟೆಗೇ ಸುಸ್ತಾಗುತ್ತದಾ? ಎಲ್ಲರೂ ಸಿಳ್ಳೆ ಹಾಕಿ ಬೈದರು, ನಾನೂ ಬೈದೆ. ಮನೆಗೆ ಬಂದಮೇಲೆ ಯಾಕೋ ಮನಸ್ಸಿಗೆ ಸರಿ ಅನಿಸಲಿಲ್ಲ. ಗೊತ್ತಿಲ್ಲದೆ ಬೈದೆನಾ ಅಂತ.

ಒಳಗಿನ ವಿಷಯ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇಬೂಟು

ನಾನು ಒಳಗಿನವನಲ್ಲ, ನೋಡುವವನು. ಆದರೆ ನಲವತ್ತು ವರ್ಷದಿಂದ ನೋಡುತ್ತಿದ್ದೇನೆ.

ಆಸ್ಟನ್ ವಿಲ್ಲಾ 1980-81ರಲ್ಲಿ ಇಂಗ್ಲೆಂಡ್‌ನ ಲೀಗ್ ಗೆದ್ದಿತು. 42 ಲೀಗ್ ಪಂದ್ಯ. ಇಡೀ ಸೀಸನ್‌ಗೆ ಆಡಿಸಿದ್ದು ಬರೀ 14 ಜನರನ್ನು. ಕೆಸರು ತುಂಬಿದ ಮೈದಾನ, ಭಾರದ ಬೂಟು, ಬದಲಿಗೆ ಇಳಿಸಲು ಒಬ್ಬನೇ ಒಬ್ಬ ಸಬ್. ಆಗ ಓಟ ಅಳೆಯುವ ಜಿಪಿಎಸ್ ಇರಲಿಲ್ಲ, ಐಸ್ ಬಾತ್ ಇರಲಿಲ್ಲ, ನಿದ್ರೆ ತಜ್ಞರಂತೂ ಇರಲೇ ಇಲ್ಲ. ಈಗ ತಂಡದಲ್ಲಿ 25 ಜನ, ಐದು ಸಬ್, ಹಿಂದೆ ಡಾಕ್ಟರ್, ಫಿಸಿಯೊ, ಅಡುಗೆಯವರು. ಇಷ್ಟಿದ್ದೂ ದಣಿದೆ ಅಂದರೆ ನನಗೆ ನಂಬುವುದು ಕಷ್ಟ.

ಆಟಗಾರರ ಮೇಲೆ ಸಿಟ್ಟಿಲ್ಲ. ಅವರನ್ನು ತೀರಾ ಮೃದುವಾಗಿ ನೋಡಿಕೊಂಡು ಮೈಯನ್ನೇ ಮೃದು ಮಾಡಿಬಿಟ್ಟಿದ್ದಾರೇನೋ ಅನ್ನುವುದು ನನ್ನ ಅನುಮಾನ. ತಪ್ಪಿದ್ದರೆ ತಿದ್ದಿ.

ಟಚ್‌ಲೈನ್

ಕೊನೇಸಾಲು ಅವರೇ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಒಂಬತ್ತು ಸೀಸನ್ ನಾನು ಒಂದು ವೃತ್ತಿಪರ ಕ್ಲಬ್‌ನ ಫಿಟ್‌ನೆಸ್ ವಿಭಾಗದಲ್ಲಿದ್ದೆ. ಮುಖ್ಯಸ್ಥನಲ್ಲ, ಅವರ ಕೈಕೆಳಗಿನವನು. ಎಲ್ಲರಿಗಿಂತ ಮೊದಲು ಬಂದು, ರಾತ್ರಿ ಚಾರ್ಜ್‌ಗೆ ಇಟ್ಟ ಜಿಪಿಎಸ್ ತುಂಡುಗಳನ್ನು ತೆಗೆದು, ಒಂದೊಂದೇ ವೆಸ್ಟ್‌ನ ಬೆನ್ನ ಜೇಬಿಗೆ ಸೇರಿಸುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಓಡುತ್ತಿದ್ದಾರೆ ಅಂದಮೇಲೆ ದಣಿವೆಲ್ಲಿ ಅಂತ ಕೇಳಿದಿರಿ. ದಣಿವನ್ನು ಓಟದಲ್ಲಿ ಹುಡುಕಬೇಡಿ. ನಿಲ್ಲುವುದರಲ್ಲಿ ಹುಡುಕಿ.

ಒಬ್ಬ ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅದರಲ್ಲಿ ಬಹುಪಾಲು ನಡಿಗೆ, ಇಲ್ಲವೇ ಜಾಗಿಂಗ್. ದಣಿದವನಿಗೂ ಅದು ಸಾಧ್ಯ. ನಿಜವಾದ ಖರ್ಚು ಇರುವುದು ಬ್ರೇಕ್ ಹಾಕುವುದರಲ್ಲಿ. ಒಬ್ಬ ಫುಲ್‌ಬ್ಯಾಕ್ ನಲವತ್ತು ಮೀಟರ್ ಹಿಂದಕ್ಕೆ ಓಡಿ ಬರುತ್ತಾನೆ. ಎದುರಿನ ವಿಂಗರ್, ಅಂದರೆ ಅಂಚಿನಿಂದ ದಾಳಿ ಮಾಡುವವನು, ತಟ್ಟನೆ ಒಳಗೆ ತಿರುಗುತ್ತಾನೆ. ಇವನು ಮೂರ್ನಾಲ್ಕು ಹೆಜ್ಜೆಯಲ್ಲಿ ನಿಂತು ತಿರುಗಬೇಕು. ಆ ಗಳಿಗೆಯಲ್ಲಿ ತೊಡೆಯ ಸ್ನಾಯು ಒಂದು ಕಡೆ ಎಳೆದು ಉದ್ದವಾಗುತ್ತಿರುತ್ತದೆ, ಇನ್ನೊಂದು ಕಡೆ ಬಿಗಿಯಾಗಿ ಹಿಡಿದಿರಬೇಕು. ಹಗ್ಗಜಗ್ಗಾಟದಲ್ಲಿ ಸೋಲುತ್ತಾ ಇದ್ದರೂ ಹಗ್ಗ ಬಿಡದವನ ಅಂಗೈ ಏನಾಗುತ್ತದೆ ನೋಡಿದ್ದೀರಲ್ವಾ? ಸ್ನಾಯುವಿನ ಎಳೆಗಳಿಗೆ ಹಾಗೇ ಆಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣದಾಗಿ ಹರಿಯುತ್ತವೆ. ಪಂದ್ಯದಲ್ಲಿ ಜೋರಾಗಿ ವೇಗ ಎತ್ತುವುದಕ್ಕಿಂತ ಜೋರಾಗಿ ಬ್ರೇಕ್ ಹಾಕುವುದೇ ಜಾಸ್ತಿ ಸಲ. ಟಿವಿಯ ಆ ಕಿಲೋಮೀಟರ್ ಪಟ್ಟಿಯಲ್ಲಿ ಇದು ಒಂದು ಅಕ್ಷರವೂ ಬರುವುದಿಲ್ಲ.

ಎರಡನೆಯದು ಇಂಧನ. ಸ್ನಾಯುವಿನೊಳಗೆ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಂದ್ಯ ಮುಗಿದ ಕೂಡಲೇ ಆಟಗಾರರ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಸುಮಾರು ಅರ್ಧದಷ್ಟು ಎಳೆಗಳು ಖಾಲಿ, ಅಥವಾ ಹೆಚ್ಚುಕಡಿಮೆ ಖಾಲಿ. ಅದು ಮತ್ತೆ ತುಂಬಲು ಎರಡರಿಂದ ಮೂರು ದಿನ ಬೇಕು. ಹರಿದ ಎಳೆಗಳು ಸುಧಾರಿಸಿಕೊಳ್ಳಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಎಲ್ಲರೂ 72 ಗಂಟೆ, 72 ಗಂಟೆ ಅನ್ನುವುದು ಇದಕ್ಕೇ. ಭಾನುವಾರ ರಾತ್ರಿ ಆಡಿ ಬುಧವಾರ ಸಂಜೆ ಮತ್ತೆ ಇಳಿದರೆ 72 ಆಗಿರುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ, ಉನ್ನತ ಮಟ್ಟದ 32 ಆಟಗಾರರ ಮೇಲೆ ಮಾಡಿದ್ದು. ವಾರಕ್ಕೆ ಒಂದು ಪಂದ್ಯ ಆಡಿದಾಗ ಹೇಗಿದ್ದರು, ಎರಡು ಆಡಿದಾಗ ಹೇಗಿದ್ದರು ಅಂತ ಹೋಲಿಸಿದರು. ಓಡಿದ ದೂರ ಅಷ್ಟೇ. ಸ್ಪ್ರಿಂಟ್, ಅಂದರೆ ಪೂರ್ತಿ ವೇಗದ ಓಟ, ಅದೂ ಅಷ್ಟೇ. ಬದಲಾಗಿದ್ದು ಗಾಯ. ಒಂದು ಪಂದ್ಯದ ವಾರಗಳಲ್ಲಿ 1000 ಗಂಟೆ ಆಟಕ್ಕೆ 4.1 ಗಾಯ. ಎರಡು ಪಂದ್ಯದ ವಾರಗಳಲ್ಲಿ 25.6. ಆರು ಪಟ್ಟು! ನಾನು ಇದನ್ನು ಮೊದಲ ಸಲ ಓದಿದಾಗ ಕಣ್ಣು ಉಜ್ಜಿಕೊಂಡು ಮತ್ತೆ ಓದಿದೆ. ಆಟಗಾರ ದಣಿದರೂ ಓಡುತ್ತಾನೆ. ಅವನ ವೃತ್ತಿಯೇ ಅದು. ಬೆಲೆ ಕೊಡುವುದು ತೊಡೆ.

ನಿಮ್ಮ ತಂಡದ ಮೂವರೂ ಹ್ಯಾಮ್‌ಸ್ಟ್ರಿಂಗ್ ಅಂದಿರಲ್ಲ, ಅದು ನಿಮ್ಮೊಬ್ಬರ ಕಥೆಯಲ್ಲ. ಯೂರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಯೆಫಾ 2001ರಿಂದ ಲೆಕ್ಕ ಇಡುತ್ತಾ ಬಂದಿದೆ. ಆಗ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್‌ನ ಪಾಲು ಶೇ 12. 2021-22ರ ಹೊತ್ತಿಗೆ ಶೇ 24. ಇಷ್ಟೆಲ್ಲ ವಿಜ್ಞಾನ ಬಂದಮೇಲೂ ಎರಡರಷ್ಟಾಯಿತು.

ಈಗ ನನ್ನ ಅನುಭವದ ಒಂದು ಘಟನೆ. ಕ್ಲಬ್ ಯಾವುದು, ಹುಡುಗ ಯಾರು ಅನ್ನುವುದು ಬೇಡ.

ನಮ್ಮಲ್ಲೊಬ್ಬ ಎಡ ವಿಂಗರ್ ಇದ್ದ. ನಗುಮುಖದ ಹುಡುಗ. ಪ್ರತಿ ಬೆಳಗ್ಗೆ ಆಟಗಾರರು ಒಂದು ಫಾರಂ ತುಂಬಬೇಕು. ನಿದ್ರೆ ಹೇಗಿತ್ತು, ಮೈ ನೋವು ಎಷ್ಟು, ಮನಸ್ಸು ಹೇಗಿದೆ, ಒಂದರಿಂದ ಐದು ಅಂಕ. ಅವನು ಎಲ್ಲಕ್ಕೂ ಐದು. ಪಂದ್ಯದ ಮಾರನೇ ಬೆಳಗ್ಗೆ ಮೆಟ್ಟಿಲನ್ನು ಅಡ್ಡಡ್ಡ ಇಳಿದುಕೊಂಡು ಬಂದು ಮತ್ತೆ ಐದೇ ಹಾಕುತ್ತಿದ್ದ. ಯಾಕೆ ಅಂತ ಬಿಡಿಸಿ ಹೇಳಬೇಕಾ? ಜೂನ್‌ಗೆ ಅವನ ಒಪ್ಪಂದ ಮುಗಿಯುತ್ತಿತ್ತು. ಅವನ ಜಾಗಕ್ಕೆ ಇನ್ನೂ ಇಬ್ಬರು ಕಾಯುತ್ತಿದ್ದರು.

ಫಾರಂ ಸುಳ್ಳು ಹೇಳಬಹುದು ಅಂತಲೇ ನಾವು ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದೆವು. ಆಟಗಾರ ಅಂಗಾತ ಮಲಗಿ ಮಂಡಿ ಮಡಚುತ್ತಾನೆ. ಎರಡು ಮಂಡಿಗಳ ನಡುವೆ ಬಿಪಿ ನೋಡುವ ಪಟ್ಟಿ ಇಟ್ಟು, ಇದ್ದ ಶಕ್ತಿಯೆಲ್ಲ ಹಾಕಿ ಅದುಮಬೇಕು. ಮುಳ್ಳು ಎಲ್ಲಿಗೆ ಏರುತ್ತದೆ ಅಂತ ನಾನು ಬರೆದುಕೊಳ್ಳುತ್ತೇನೆ. ಒಬ್ಬೊಬ್ಬರಿಗೂ ಒಂದು ಮಾಮೂಲಿ ಅಂಕಿ ಇರುತ್ತದೆ. ಆ ಶುಕ್ರವಾರ ಅವನ ಮುಳ್ಳು ಮಾಮೂಲಿಗಿಂತ 40 ಕೆಳಗೇ ನಿಂತಿತು. ಇನ್ನೊಂದು ಸಲ ಅದುಮಿಸಿದೆ. ಅಷ್ಟೇ. ಅವನು ತಲೆ ಎತ್ತಿ ನನ್ನ ಕಡೆ ನೋಡಿ, 'ಅಣ್ಣಾ, ನಾಳೆ ದೊಡ್ಡ ಪಂದ್ಯ' ಅಂದ. ಅಷ್ಟೇ ಮಾತು.

ನಾನು ಅಂಕಿಯನ್ನು ಮೇಲಿನವರಿಗೆ ಕೊಟ್ಟೆ. ಕೊಟ್ಟೆ ನಿಜ, ಆದರೆ ಮೆತ್ತಗೆ ಕೊಟ್ಟೆ. 'ಸ್ವಲ್ಪ ಕಡಿಮೆ ಇದೆ, 60 ನಿಮಿಷ ಆಡಬಹುದೇನೋ' ಅಂದೆ. ಆಡಿಸಬೇಡಿ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಪಂದ್ಯ 1-1 ಇತ್ತು, 60 ದಾಟಿತು, 70 ದಾಟಿತು, ಯಾರೂ ಅವನನ್ನು ಹೊರಗೆ ಕರೆಯಲಿಲ್ಲ. 78ನೇ ನಿಮಿಷ. ಎದುರಾಳಿಯ ದಿಢೀರ್ ಮರುದಾಳಿ ತಡೆಯಲು ಹಿಂದಕ್ಕೆ ಓಡಿದ. ಚೆಂಡಿನ ಹತ್ತಿರ ಬಂದು ನಿಲ್ಲಬೇಕಿತ್ತು. ಕಾಲು ಊರಿದ, ಊರಿದ ಕಾಲಿನಲ್ಲೇ ಕುಸಿದ. ಮೈದಾನದ ಅಂಚಿನ ಗೆರೆಯ ಹತ್ತಿರ ಇದ್ದ ನನ್ನಿಂದ ಹದಿನೈದು ಮೀಟರ್ ದೂರ. ಅವನು ಕೂಗಲಿಲ್ಲ. ಹುಲ್ಲಿನ ಮೇಲೆ ಬಿದ್ದುಕೊಂಡೇ ತೊಡೆ ಹಿಡಿದು, ನೇರ ನಮ್ಮ ಬೆಂಚ್ ಕಡೆ ನೋಡುತ್ತಿದ್ದ.

ಒಂಬತ್ತು ವಾರ ಹೊರಗಿದ್ದ. ಬಂದಮೇಲೆ ಮೂರನೇ ಪಂದ್ಯದಲ್ಲೇ ಅದೇ ಜಾಗ ಮತ್ತೆ ಹರಿಯಿತು. ಇದೂ ಹೊಸದಲ್ಲ. ಯುಯೆಫಾ ಲೆಕ್ಕದಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳಲ್ಲಿ ಶೇ 18 ಮರುಕಳಿಸಿದವು, ಅದರಲ್ಲೂ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಆಟಗಾರ ಮರಳಿದ ಎರಡು ತಿಂಗಳೊಳಗೆ. ಜೂನ್ ಬಂತು. ಒಪ್ಪಂದ ಮುಂದುವರಿಯಲಿಲ್ಲ.

ಆ ಅಂಕಿ ಬರೆದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಹಾಗಾಗಿ 60ನೇ ನಿಮಿಷಕ್ಕೆ ಒಬ್ಬ ಹುಡುಗನನ್ನು ಹೊರಗೆ ಕರೆದ ಕೋಚ್‌ಗೆ ಸಿಳ್ಳೆ ಬಿತ್ತು ಅಂತ ಓದಿದಾಗ ಸಂಕಟ ಆಯಿತು. ಒಳಗೆ ಯಾರೋ ಒಬ್ಬರು ಗಟ್ಟಿಯಾಗಿ ಹೇಳಿದ್ದಾರೆ, ಕೋಚ್ ಕೇಳಿದ್ದಾರೆ. ನನಗೆ ಹಾಗೆ ಅನಿಸುತ್ತದೆ.

ಐಸ್‌ಪ್ಯಾಕ್

ಟಚ್‌ಲೈನ್ ಅವರೇ, ಓದಿ ಮನಸ್ಸು ಭಾರವಾಯಿತು. ನಾನು ಫಿಸಿಯೊ. ಕ್ರೀಡಾಪಟುಗಳ ಜೊತೆಗೇ ಕೆಲಸ. ಒಂದು ವಿಷಯ ಸೇರಿಸುತ್ತೇನೆ, ನಿದ್ರೆ.

ರಾತ್ರಿ ಪಂದ್ಯ ಹನ್ನೊಂದರ ಹತ್ತಿರ ಮುಗಿಯುತ್ತದೆ. ಕಣ್ಣಿನ ಮೇಲೆ ಹೊನಲು ಬೆಳಕು, ಮೈಯಲ್ಲಿ ಪಂದ್ಯದ ಬಿಸಿ. ಪಂದ್ಯಕ್ಕೆ ಮುಂಚೆ ಕೆಫೀನ್ ತಗೊಂಡಿರುತ್ತಾರೆ. ಅದರ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ. ಆಮೇಲೆ ಸಂದರ್ಶನ, ಬಸ್ಸು, ವಿಮಾನ. ಮಲಗುವ ಹೊತ್ತಿಗೆ ಮೂರು ಗಂಟೆ. ನಿದ್ರೆ ಬರುವುದಿಲ್ಲ, ಮಾಡಿದ ತಪ್ಪೊಂದು ಕಣ್ಣಮುಂದೆ ಸುತ್ತುತ್ತಿರುತ್ತದೆ. ಮೈ ರಿಪೇರಿ ಆಗಬೇಕಾದ ರಾತ್ರಿಯೇ ಕಳೆದುಹೋಯಿತು ನೋಡಿ. ನನ್ನ ಮಟ್ಟಿಗೆ ಐಸ್ ಬಾತ್, ಮಸಾಜ್, ಕಂಪ್ರೆಷನ್ ಪ್ಯಾಂಟ್ ಎಲ್ಲ ಸೇರಿದರೂ ಒಂದು ಒಳ್ಳೇ ನಿದ್ರೆಗೆ ಸಮ ಅಲ್ಲ.

ಐಸ್ ಬಾತ್ ಕೂಡ ಯಾವಾಗ ಬೇಕೋ ಆಗ ಮಾತ್ರ. ಮೂರು ದಿನಕ್ಕೆ ಮತ್ತೆ ಪಂದ್ಯ ಇದ್ದರೆ 10ರಿಂದ 15 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಕೂರಿಸುತ್ತೇವೆ, ನೋವು ಕಡಿಮೆ ಅನಿಸುತ್ತದೆ. ಆದರೆ ಜಿಮ್‌ನಲ್ಲಿ ಶಕ್ತಿ ಬೆಳೆಸುವ ದಿನಗಳಲ್ಲಿ ಅದೇ ತಣ್ಣೀರು ಸ್ನಾಯು ಬೆಳೆಯುವುದನ್ನು ತಡೆಯುತ್ತದೆ. ಸುಮ್ನೆ ದಿನಾ ಕೂರುವುದು ಒಳ್ಳೆಯದಲ್ಲ.

ಕೊನೇಸಾಲು ಅವರೇ, ಜನವರಿ ಕಳೆದಮೇಲೆ ಶುರುವಾಯಿತು ಅಂದಿರಲ್ಲ, ಅದನ್ನು ಗಮನಿಸಿ. ಹೊರದೇಶದ ಪಂದ್ಯ ಆಡಿ ಬಂದವರಿದ್ದಾರಾ? ಒಂದು ಟೈಮ್ ಝೋನ್ ದಾಟಿದರೆ ಮೈ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ದಿನ ಬೇಕು ಅನ್ನುವುದು ನಮ್ಮ ಅಂದಾಜು. ಐದು ಝೋನ್ ದಾಟಿ ಗುರುವಾರ ಇಳಿದವನು ಶನಿವಾರ ಆಡುತ್ತಾನೆ ಅಂದರೆ ಅವನ ಮೈಗೆ ಅದು ನಡುರಾತ್ರಿಯೋ ಬೆಳಗಿನ ಜಾವವೋ ಅವನಿಗೇ ತಿಳಿಯುವುದಿಲ್ಲ.

ಹಳೇಬೂಟು

ಇಬ್ಬರ ಮಾತೂ ಓದಿದೆ. ಆ ವಿಂಗರ್‌ನ ವಿಷಯ ಓದಿ ನೋವಾಯಿತು. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಆಗಿನವರು 14 ಜನ 42 ಪಂದ್ಯ ಹೇಗೆ ಆಡಿದರು? ಇನ್ನೊಂದು, ಈಗಲೂ ಕೆಲವರು ವರ್ಷವಿಡೀ ಆಡುತ್ತಾರಲ್ಲ. ಅವರಿಗೇನು ಬೇರೆ ಮೈ ಇದೆಯಾ?

ಟಚ್‌ಲೈನ್

ಹಳೇಬೂಟು ಸರ್, ಒಳ್ಳೆಯ ಪ್ರಶ್ನೆ. ಸುಮ್ಮನೆ ಬಿಡದೆ ಕೇಳಿದ್ದು ಖುಷಿ ಆಯಿತು.

ಆಗಿನವರು ಗಟ್ಟಿಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟ ಬದಲಾಗಿದೆ. ತೀರಾ ಹಿಂದೆ ಹೋಗುವುದೇ ಬೇಡ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ 2006-07ರಿಂದ 2012-13ರವರೆಗೆ ಏಳು ಸೀಸನ್ ಅಳೆದು ನೋಡಿದ್ದಾರೆ. ಒಟ್ಟು ಓಡಿದ ದೂರ ಹೆಚ್ಚಿದ್ದು ಶೇ 2 ಅಷ್ಟೇ. ಆದರೆ ಸ್ಪ್ರಿಂಟ್‌ಗಳ ಸಂಖ್ಯೆ ಶೇ 85 ಹೆಚ್ಚಿತು. ಏಳೇ ಸೀಸನ್‌ನಲ್ಲಿ! ಪ್ರತಿ ಸ್ಪ್ರಿಂಟ್‌ನ ಕೊನೆಗೂ ಒಂದು ಬ್ರೇಕ್ ಇರುತ್ತದೆ. 1981ರಲ್ಲಿ ಡಿಫೆಂಡರ್ ಚೆಂಡನ್ನು ಗೋಲಿಗೆ ವಾಪಸ್ ಕೊಟ್ಟರೆ ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಎಲ್ಲರೂ ಉಸಿರು ತಗೊಳ್ಳುತ್ತಿದ್ದರು. 1992ರಲ್ಲಿ ಆ ನಿಯಮ ಹೋಯಿತು. ಈಗ ಚೆಂಡು ಕಳಕೊಂಡ ಕೂಡಲೇ ಮುಂದಿನ ಮೂವರು ಮೇಲೆ ಬೀಳಬೇಕು, ಅದೂ ಎದುರಾಳಿಯ ಪೆನಾಲ್ಟಿ ಬಾಕ್ಸ್ ಹತ್ತಿರ. ಆಡುವ ಪಂದ್ಯಗಳ ಸಂಖ್ಯೆ ಅಷ್ಟೇ ಇರಬಹುದು, ಒಂದೊಂದು ಪಂದ್ಯದ ತೂಕ ಅಷ್ಟೇ ಇಲ್ಲ.

ಪಂದ್ಯಗಳ ಸಂಖ್ಯೆಯಾದರೂ ಸುಮ್ಮನಿದೆಯಾ? 2024-25ರಿಂದ ಯೂರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನ ಮೊದಲ ಹಂತದಲ್ಲಿ ಆರು ಪಂದ್ಯ ಹೋಗಿ ಎಂಟು ಆಯಿತು. 2025ರ ಬೇಸಿಗೆಯಲ್ಲಿ, ಆಟಗಾರರು ಮನೆಗೆ ಹೋಗಿ ಮಲಗಬೇಕಾದ ತಿಂಗಳಲ್ಲಿ, 32 ತಂಡಗಳ ಕ್ಲಬ್ ವಿಶ್ವಕಪ್ ಇಟ್ಟರು. ಮ್ಯಾಂಚೆಸ್ಟರ್ ಸಿಟಿಯ ಮಿಡ್‌ಫೀಲ್ಡರ್ ರೋಡ್ರಿ 2024ರ ಸೆಪ್ಟೆಂಬರ್‌ನಲ್ಲಿ, ಆಟಗಾರರು ಮುಷ್ಕರದ ಹತ್ತಿರ ಬಂದಿದ್ದೇವೆ ಅಂದರು. ಅದೇ ವಾರದ ಕೊನೆಗೆ ಆರ್ಸೆನಲ್ ಎದುರು ಅವರ ಮಂಡಿಯ ಲಿಗಮೆಂಟ್ ಹರಿಯಿತು. ದಣಿವಿನಿಂದಲೇ ಹರಿಯಿತು ಅಂತ ಒಂದು ಗಾಯ ನೋಡಿ ಯಾರೂ ಹೇಳಲಾಗದು, ನಾನೂ ಹೇಳುವುದಿಲ್ಲ. ಆದರೆ ಆ ಮನುಷ್ಯ ಮೈಯೊಳಗಿನ ಮಾತನ್ನು ಹೇಳಿದ್ದ, ಅದನ್ನು ಕೇಳಿಸಿಕೊಳ್ಳಬೇಕಿತ್ತು.

ಕೆಲವರು ವರ್ಷವಿಡೀ ಆಡುತ್ತಾರಲ್ಲ ಅಂದಿರಿ. ಸ್ಪೇನಿನ ಮಿಡ್‌ಫೀಲ್ಡರ್ ಪೆದ್ರಿಯನ್ನೇ ನೋಡಿ. 2020-21ರಲ್ಲಿ ಬಾರ್ಸಿಲೋನಾ ಮತ್ತು ಸ್ಪೇನ್ ಎರಡಕ್ಕೂ ಸೇರಿ 73 ಪಂದ್ಯ. ಆಗ ಅವನಿಗೆ 18. ದೇಶಗಳ ಯೂರೋ ಕಪ್ ಮುಗಿಸಿ ನೇರ ಒಲಿಂಪಿಕ್ಸ್‌ಗೆ ಹೋದ, ಆಗಸ್ಟ್‌ನಲ್ಲಿ ಫೈನಲ್ ಆಡಿದ, ಮತ್ತೆ ಕ್ಲಬ್‌ಗೆ. ಆ ಸೀಸನ್ ಅವನನ್ನು ನೋಡಿದವರೆಲ್ಲ ದಣಿವೇ ಗೊತ್ತಿಲ್ಲದ ಹುಡುಗ ಅಂದರು. ಮುಂದಿನ ಸೀಸನ್‌ನಿಂದ ತೊಡೆ ಕೈಕೊಟ್ಟಿತು. ಒಂದಾದಮೇಲೆ ಒಂದು ಗಾಯ, ಎರಡು ಮೂರು ವರ್ಷ. ಆಮೇಲೆ ಬೇರೆ ರೀತಿಯ ತಯಾರಿ, ಮೈಗೆ ಬೇಕಾದ ಶಕ್ತಿ ಎಲ್ಲ ಸೇರಿ 2024-25ರಲ್ಲಿ ಬಹುತೇಕ ಇಡೀ ಸೀಸನ್ ಆಡಿದ. ಮೈ ಅದೇ. ಸಾಲ ತೀರಿಸಲು ಸಮಯ ಹಿಡಿಯಿತು.

ಇನ್ನು ಸೋತ ಮಾರನೇ ದಿನದ ರಜೆ. 2015-16ರಲ್ಲಿ ಇಂಗ್ಲೆಂಡ್‌ನ ಲೆಸ್ಟರ್ ಲೀಗ್ ಗೆದ್ದಾಗ ಕೋಚ್ ರಾನಿಯೇರಿ ಆಟಗಾರರಿಗೆ ವಾರಕ್ಕೆ ಎರಡು ದಿನ ಪೂರ್ತಿ ರಜೆ ಕೊಡುತ್ತಿದ್ದರು. ಆ ವರ್ಷ ಅವರಿಗೆ ಯೂರೋಪಿನ ಪಂದ್ಯಗಳೂ ಇರಲಿಲ್ಲ, ಅದೂ ನೆರವಾಯಿತು. ಆದರೆ ರಜೆಯನ್ನು ಅವರು ತರಬೇತಿಯ ಭಾಗ ಅಂತಲೇ ನೋಡಿದರು. ಸೋತ ಸಿಟ್ಟಿಗೆ ಮಾರನೇ ದಿನ ಓಡಿಸುವ ಕೋಚ್‌ಗಳನ್ನು ನಾನು ನೋಡಿದ್ದೇನೆ. ಅಂಗೈ ಸುಲಿದವನ ಕೈಗೆ ಮತ್ತೆ ಹಗ್ಗ ಕೊಟ್ಟ ಹಾಗೆ.

ಹಾಗಂತ ಎಲ್ಲರಿಗೂ ಬರೀ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ ಅಂತಲ್ಲ. ಹಳೇಬೂಟು ಸರ್, ಮೈ ಮೃದುವಾಗುತ್ತದೆ ಅಂದಿರಲ್ಲ, ಅದರಲ್ಲಿ ಸತ್ಯ ಇದೆ. ಆರು ವಾರ ಬೆಂಚ್‌ನಲ್ಲಿ ಕೂತವನನ್ನು ತಟ್ಟನೆ ಹತ್ತು ದಿನದಲ್ಲಿ ಮೂರು ಪಂದ್ಯ ಆಡಿಸಿದರೆ ಅವನೂ ಬೀಳುತ್ತಾನೆ. ಮೈಗೆ ಅಭ್ಯಾಸವಿಲ್ಲದ ದೊಡ್ಡ ಜಿಗಿತವೇ ಅಪಾಯ, ಮೇಲಕ್ಕಾದರೂ ಕೆಳಕ್ಕಾದರೂ. ಅದಕ್ಕೇ ವಾರದಲ್ಲಿ ಒಂದೆರಡು ಸಲ ಪೂರ್ತಿ ವೇಗದ ಓಟ ಇರಲೇಬೇಕು. ಮಂಡಿಯೂರಿ ಕೂತು, ಹಿಮ್ಮಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಮೈಯನ್ನು ನಿಧಾನ ಮುಂದಕ್ಕೆ ಬೀಳಿಸುವ ನಾರ್ಡಿಕ್ ವ್ಯಾಯಾಮ ಇದೆಯಲ್ಲ, ಅದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಉಪಕರಣ ಬೇಡ, ಹತ್ತು ನಿಮಿಷ ಸಾಕು. ಆದರೂ ಎಷ್ಟೋ ಕಡೆ ಮಾಡುವುದಿಲ್ಲ. ಮಾರನೇ ದಿನ ತೊಡೆ ನೋಯುತ್ತದೆ ಅಂತ ಆಟಗಾರರು ತಪ್ಪಿಸಿಕೊಳ್ಳುತ್ತಾರೆ, ಎರಡು ಪಂದ್ಯಗಳ ನಡುವೆ ಜಾಗವಿಲ್ಲ ಅಂತ ನಾವು ಕೈಬಿಡುತ್ತೇವೆ.

ಪಂದ್ಯ ಮುಗಿದಮೇಲೆ ಆಡದೇ ಇದ್ದ ಸಬ್‌ಗಳು ಮೈದಾನದಲ್ಲಿ ಓಡುವುದನ್ನು ನೋಡಿದ್ದೀರಾ? ಜನ ಅದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ. ಶಿಕ್ಷೆ ಅಲ್ಲ. ಆವತ್ತು ಅವರಿಗೆ ಸಿಗದ ಓಟವನ್ನು ತುಂಬಿಸುವುದು. ಇಲ್ಲದಿದ್ದರೆ ಮುಂದಿನ ಪಂದ್ಯಕ್ಕೆ ಅವರೇ ಮೊದಲು ಬೀಳುವವರು.

ಕೊನೇಸಾಲು ಅವರೇ, ಮುಂದಿನ ಪಂದ್ಯಕ್ಕೆ ಹೋದಾಗ ಒಂದು ಕೆಲಸ ಮಾಡಿ. ಚೆಂಡು ಬಿಟ್ಟು ಆ ಬಲ ಫುಲ್‌ಬ್ಯಾಕ್‌ನನ್ನೇ ನೋಡಿ. ಜೋರಾಗಿ ಹಿಂದಕ್ಕೆ ಓಡಿ ಬಂದು ಎಷ್ಟು ಹೆಜ್ಜೆಯಲ್ಲಿ ನಿಲ್ಲುತ್ತಾನೆ ಎಣಿಸಿ. ಮೊದಲ ಅರ್ಧದಲ್ಲಿ ಒಂದು ಸಲ, 55 ನಿಮಿಷ ದಾಟಿದಮೇಲೆ ಇನ್ನೊಂದು ಸಲ. ಸೊಂಟ ತಗ್ಗಿಸಿ ನಿಲ್ಲುತ್ತಾನಾ, ನೆಟ್ಟಗೆ ಇದ್ದುಕೊಂಡೇ ಜಾರುತ್ತಾ ನಿಲ್ಲುತ್ತಾನಾ ಅದನ್ನೂ ನೋಡಿ. ನಿಮ್ಮವರು 70ರ ನಂತರ ಬಿಡುವ ಗೋಲುಗಳು ಹೇಗೆ ಬರುತ್ತವೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಒಂದು ಹೆಜ್ಜೆ ತಡವಾಗಿ ನಿಂತರೆ ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಕೊಡುವ ಚೆಂಡು, ಹೋಗಿಬಿಟ್ಟಿರುತ್ತದೆ.

ಗ್ಯಾಲರಿ ಕೊನೇಸಾಲು

ಹತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ನಿನ್ನೆ ಪಂದ್ಯಕ್ಕೆ ಹೋಗಿದ್ದೆ. ಟಚ್‌ಲೈನ್ ಅವರು ಹೇಳಿದ ಹಾಗೇ ಮಾಡಿದೆ. ಇಷ್ಟು ವರ್ಷ ಚೆಂಡಿನ ಹಿಂದೆಯೇ ಕಣ್ಣು ಓಡಿಸಿದವನಿಗೆ ಒಬ್ಬನನ್ನೇ ನೋಡುವುದು ಕಷ್ಟ ಆಯಿತು. ಮೊದಲ ಗೋಲನ್ನೇ ತಪ್ಪಿಸಿಕೊಂಡೆ.

20ನೇ ನಿಮಿಷದ ಹತ್ತಿರ ಒಂದು ಸಲ ಪೂರ್ತಿ ಹಿಂದಕ್ಕೆ ಓಡಿ ಬಂದ. ನಾಲ್ಕು ಹೆಜ್ಜೆ. ಬೆಕ್ಕು ಕೂತ ಹಾಗೆ ತಗ್ಗಿ ನಿಂತ. 58ನೇ ನಿಮಿಷದಲ್ಲಿ ಅದೇ ಓಟ, ಅದೇ ವೇಗ ಅನಿಸಿತು ನನಗೆ. ಎಣಿಸಿದೆ, ಏಳು ಹೆಜ್ಜೆ. ನೆಟ್ಟಗೆ ಇದ್ದ. ನಿಂತಮೇಲೆ ಎಡಗೈಯನ್ನು ಒಂದೇ ಕ್ಷಣ ತೊಡೆಯ ಹಿಂದೆ ಇಟ್ಟು ತೆಗೆದ. ಯಾರೂ ನೋಡಲಿಲ್ಲ. ನನ್ನ ಎದೆ ಹೊಡೆದುಕೊಂಡಿತು. ಕರೀರಪ್ಪಾ ಅವನನ್ನು ಒಳಗೆ, ಅಂತ ಬಾಯಿಗೇ ಬಂತು.

63ಕ್ಕೆ ಬೋರ್ಡ್ ಎದ್ದಿತು. ಅವನದ್ದೇ ನಂಬರ್. ನಮ್ಮ ಸಾಲಿನವರು ಮಾಮೂಲಿನಂತೆ ಸಿಳ್ಳೆ ಶುರು ಮಾಡಿದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಪಕ್ಕದವರು ಏನಾಯಿತು ಇವನಿಗೆ ಅನ್ನುವ ಹಾಗೆ ನೋಡಿದರು. ಹಾಫ್ ಟೈಮ್‌ನಲ್ಲೇ ಹೇಳಿದ್ದರೆ ಅವರೂ ಎಣಿಸುತ್ತಿದ್ದರೇನೋ. ಮುಂದಿನ ಸಲ ಮೊದಲೇ ಹೇಳುತ್ತೇನೆ.

ಪಂದ್ಯ 2-2 ಆಯಿತು. 81ನೇ ನಿಮಿಷದಲ್ಲಿ ಬಿಟ್ಟ ಗೋಲು ಎಡಗಡೆಯಿಂದ ಬಂತು, ಅಲ್ಲಿ ಬದಲಾಯಿಸಿರಲಿಲ್ಲ. ಅಲ್ಲೂ ಅದೇ, ಎದುರಾಳಿ ನಿಂತ, ನಮ್ಮವನು ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟ.

ಮುಗಿದಮೇಲೆ ಗ್ಯಾಲರಿಯಲ್ಲೇ ಕೂತಿದ್ದೆ. ಬೆಂಚ್‌ನ ನಾಲ್ವರು ಬಂದು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಿದರು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒಬ್ಬರು ಗೆರೆಯ ಹತ್ತಿರ ನಿಂತಿದ್ದರು. ಟಚ್‌ಲೈನ್ ಅವರೇ, ನಿಮ್ಮ ಕೆಲಸ ಅದೇ ಆಗಿತ್ತಾ?

ಟಚ್‌ಲೈನ್

ಹೌದು, ಒಂಬತ್ತು ವರ್ಷ ಅದೇ ಕೆಲಸ. ತೊಡೆಯ ಹಿಂದೆ ಕೈ ಇಟ್ಟು ತೆಗೆದದ್ದನ್ನು ನೋಡಿದಿರಲ್ಲ, ಎಷ್ಟೋ ಸಲ ಬೆಂಚ್‌ನಲ್ಲಿ ಕೂತ ನಾವೇ ಅದನ್ನು ತಪ್ಪಿಸಿಕೊಂಡಿದ್ದೇವೆ.

ಮುಂದಿನ ಸಲ ಆ ನಾಲ್ವರಿಗೂ ಒಂದು ಚಪ್ಪಾಳೆ ಕೊಡಿ. ಆ ಹೊತ್ತಿಗೆ ಗ್ಯಾಲರಿ ಖಾಲಿಯಾಗಿರುತ್ತದೆ, ಒಬ್ಬರು ತಟ್ಟಿದರೂ ಮೈದಾನದವರೆಗೆ ಕೇಳಿಸುತ್ತದೆ.